ಪಿತ್ರಾರ್ಜಿತವಾಗಿ ಬಾರದ್ದು

ದೀಕ್ಷಾಸ್ನಾನದ ತರಗತಿಗೆ ನೀನು ಹೆಸರು ಕೊಟ್ಟಿದ್ದೀಯ ಎಂದು ಪಾಸ್ಟರ್ ಅಯ್ಯನವರು ಹೇಳಿದರು, ತಾಯಿ. ನಿನ್ನ ಜೊತೆಗೆ ಇನ್ನೂ ಆರೇಳು ಹುಡುಗರಿದ್ದಾರಂತೆ. ಸಂತೋಷವೇ. ಆದರೂ ತಾತನಾದವನು ಒಂದು ಮಾತು ಕೇಳದೆ ಬಿಡಲಾರ: ಯಾಕೆ? ವಯಸ್ಸಾಯಿತು ಅಂತಲೋ, ಗೆಳತಿ ಹೆಸರು ಕೊಟ್ಟಳು ಅಂತಲೋ, ನಾಳೆ ಸಭೆಯಲ್ಲಿ ಮದುವೆ ಮಾಡಿಸುವಾಗ ಸರ್ಟಿಫಿಕೇಟ್ ಕೇಳುತ್ತಾರೆ ಅಂತಲೋ? ಈ ಮೂರು ಕಾರಣಕ್ಕೂ ನೀರಿಗಿಳಿದವರನ್ನು ನಾನು ಕಂಡಿದ್ದೇನೆ. ಮೂರನ್ನೂ ಕೂಡಿಸಿದರೂ ಸಾಲದು.

ಅಪ್ಪನ ಮನೆ ಮಗನಿಗೆ ಬರುತ್ತೆ, ಅಜ್ಜಿಯ ಓಲೆ ಮೊಮ್ಮಗಳಿಗೆ ಬರುತ್ತೆ. ನಂಬಿಕೆ ಹಾಗೆ ಖಾತೆ ಬದಲಾಯಿಸಿಕೊಂಡು ಬರುವುದಿಲ್ಲ. ಬ್ಯಾಪ್ಟಿಸ್ಟ್ ಸಭೆ ಲೋಕಕ್ಕೆ ಹೇಳಬೇಕಾದದ್ದು ಇದೊಂದೇ ಎಂದರೂ ತಪ್ಪಾಗಲಾರದು. ಉಳಿದ ಕ್ರೈಸ್ತರೂ ಯೇಸುವನ್ನು ನಂಬುತ್ತಾರೆ, ಅದೇ ಬೈಬಲ್ ಓದುತ್ತಾರೆ, ಅದೇ ಹಾಡು ಹಾಡುತ್ತಾರೆ. ನಾವು ಹಟ ಹಿಡಿದಿರುವುದು ಈ ಒಂದು ಕಡೆ.

ಅದಕ್ಕೇ ನಮ್ಮಲ್ಲಿ ಹಸುಗೂಸಿಗೆ ನೀರಿಲ್ಲ. ತಾಯ್ತಂದೆ ಮಗುವನ್ನು ಮುಂದಕ್ಕೆ ತರುತ್ತಾರೆ, ಪಾಸ್ಟರ್ ಎತ್ತಿಕೊಂಡು ಪ್ರಾರ್ಥನೆ ಮಾಡಿ ವಾಪಸು ಕೊಡುತ್ತಾರೆ. ಅಷ್ಟೆ. ಮಾತು ಕೊಡುವವರು ತಾಯ್ತಂದೆ. ಮಗು ಯಾವ ಮಾತೂ ಕೊಟ್ಟಿರುವುದಿಲ್ಲ. ನಾನು ಚಿಕ್ಕವನಾಗಿದ್ದಾಗ ಕರ್ತನ ಭೋಜನದ ಭಾನುವಾರ ರೊಟ್ಟಿಯ ತಟ್ಟೆ ಅಪ್ಪನ ಕೈಯಿಂದ ನನ್ನ ತಲೆಯ ಮೇಲೆಯೇ ದಾಟಿ ಪಕ್ಕದ ಮಾವನ ಕೈಗೆ ಹೋಗುತ್ತಿತ್ತು. ಡೀಕನ್ನರ ಮೊಮ್ಮಗ ಎಂದು ಯಾರೂ ಒಂದು ಚೂರು ಕೊಡಲಿಲ್ಲ. ಆಗ ಸಿಟ್ಟು ಬರುತ್ತಿತ್ತು, ದ್ರಾಕ್ಷಾರಸದ ಪುಟ್ಟ ಲೋಟದ ಮೇಲೆ ಆಸೆ. ಈಗ ಅನ್ನಿಸುತ್ತೆ, ನನ್ನನ್ನು ಅಷ್ಟು ಮರ್ಯಾದೆಯಿಂದ ಬೇರೆ ಯಾರೂ ನಡೆಸಿಕೊಂಡಿರಲಿಲ್ಲ. ನಿನ್ನ ಪರವಾಗಿ ನಾವು ಉತ್ತರ ಹೇಳುವುದಿಲ್ಲ, ನೀನೇ ಬಂದು ಹೇಳುವವರೆಗೆ ಕಾಯುತ್ತೇವೆ ಅನ್ನುವ ಮರ್ಯಾದೆ ಅದು.

ಇದನ್ನು ಕೇಳಿಸಿಕೊಂಡು ನಿನ್ನ ಕಾಲೇಜಿನ ಸಿಎಸ್‌ಐ ಗೆಳತಿಯ ಮುಂದೆ ಜಂಭ ಪಡಬೇಡ. ಅವರಲ್ಲಿ ಮಗುವಿಗೇ ದೀಕ್ಷಾಸ್ನಾನ, ಬೆಳೆದ ಮೇಲೆ ದೃಢೀಕರಣ. ದೇವರ ಕೃಪೆ ನಮ್ಮ ತಿಳಿವಳಿಕೆಗಿಂತ ಮೊದಲೇ ಬರುತ್ತದೆ ಎಂಬುದು ಅವರ ವಾದ, ಅದರಲ್ಲೂ ಹುರುಳಿದೆ. 1947ರಲ್ಲಿ ದಕ್ಷಿಣದ ಆಂಗ್ಲಿಕನ್, ಮೆಥಡಿಸ್ಟ್ ಮೊದಲಾದ ಸಭೆಗಳು ಒಂದಾಗಿ ಸಿಎಸ್‌ಐ ಆದಾಗ ತೆಲುಗು ಬ್ಯಾಪ್ಟಿಸ್ಟರು ಹೊರಗೇ ಉಳಿದರು. 1970ರಲ್ಲಿ ಉತ್ತರ ಭಾರತದ ಕೆಲವು ಬ್ಯಾಪ್ಟಿಸ್ಟ್ ಸಭೆಗಳು ಅಲ್ಲಿನ ಸಂಯುಕ್ತ ಸಭೆಯಾದ ಸಿಎನ್‌ಐ ಸೇರಿಕೊಂಡವು. ನಮ್ಮವರೇ ಎರಡು ದಾರಿ ಹಿಡಿದಿದ್ದಾರೆ ಅಂದ ಮೇಲೆ ಪಕ್ಕದ ಸಭೆಯವರನ್ನು ಆಡಿಕೊಳ್ಳುವ ಅಧಿಕಾರ ನಮಗೆಲ್ಲಿಂದ ಬಂತು?

ನೀರು ಎಷ್ಟಿರಬೇಕು ಎನ್ನುವ ಜಗಳವೂ ಬೇಡ. ನಮ್ಮ ಹುಡುಗರಿಗೆ ಈ ವಾದ ಮಾಡುವುದರಲ್ಲಿ ಬಲು ಉಮೇದು. ಅವರಿಗೆ ಗೊತ್ತಿಲ್ಲದ ಸಂಗತಿ ಏನೆಂದರೆ, ಮೊಟ್ಟಮೊದಲ ಬ್ಯಾಪ್ಟಿಸ್ಟರು ನೀರಿನಲ್ಲಿ ಮುಳುಗಲೇ ಇಲ್ಲ. 1609ರಲ್ಲಿ, ಇಂಗ್ಲೆಂಡಿನಿಂದ ಓಡಿಬಂದ ಒಂದು ಸಣ್ಣ ಗುಂಪು ಹಾಲೆಂಡಿನ ಆಮ್‌ಸ್ಟರ್‌ಡ್ಯಾಮಿನಲ್ಲಿ ಸೇರಿದಾಗ, ಜಾನ್ ಸ್ಮಿತ್ ಎಂಬ ಅವರ ಬೋಧಕರು ತಲೆಯ ಮೇಲೆ ನೀರು ಸುರಿದುಕೊಂಡು ತಮಗೆ ತಾವೇ ದೀಕ್ಷಾಸ್ನಾನ ಮಾಡಿಕೊಂಡರು, ಆಮೇಲೆ ಉಳಿದವರಿಗೆ ಕೊಟ್ಟರು. ಪೂರ್ತಿ ಮುಳುಗಿಸುವ ಪದ್ಧತಿ ಲಂಡನ್ನಿನ ಬ್ಯಾಪ್ಟಿಸ್ಟರಲ್ಲಿ ನೆಲೆಗೊಂಡದ್ದು 1640ರ ಆಚೀಚೆ. ಸತ್ತು ಹೂಣಲ್ಪಟ್ಟು ಹೊಸದಾಗಿ ಎದ್ದು ಬರುವುದನ್ನು ಕಣ್ಣಿಗೆ ಕಟ್ಟುವಂತೆ ತೋರಿಸುತ್ತದೆ ಎಂದು ನಾನೂ ಮುಳುಗುವುದನ್ನೇ ಮೆಚ್ಚುತ್ತೇನೆ. ಆದರೆ ಆ ಮೊದಲ ಗುಂಪು ದೇಶ ಬಿಟ್ಟು ಓಡಿದ್ದು ನೀರಿನ ಆಳಕ್ಕಾಗಿ ಅಲ್ಲ. ಹುಟ್ಟಿದ ಊರಿನ ಚರ್ಚಿಗೇ ಎಲ್ಲರೂ ಸೇರಬೇಕು, ಅದರ ಮೇಲೆ ರಾಜನೇ ಯಜಮಾನ ಎಂಬ ಕಾನೂನು ಅವರಿಗೆ ಒಪ್ಪಿಗೆಯಾಗಲಿಲ್ಲ.

ಆ ಗುಂಪಿನ ಥಾಮಸ್ ಹೆಲ್ವಿಸ್ ಎಂಬವರು ಸುಮ್ಮನೆ ಹಾಲೆಂಡಿನಲ್ಲಿ ಉಳಿಯಬಹುದಿತ್ತು. ಉಳಿಯಲಿಲ್ಲ. ಲಂಡನ್ನಿಗೆ ಹಿಂತಿರುಗಿ ಸಭೆ ಕಟ್ಟಿದರು. 1612ರಲ್ಲಿ ಒಂದು ಪುಸ್ತಕ ಬರೆದು, ಅದರ ಒಂದು ಪ್ರತಿಯಲ್ಲಿ ದೊರೆ ಒಂದನೆಯ ಜೇಮ್ಸನಿಗೆಂದು ಕೈಬರಹದಲ್ಲೇ ಒಕ್ಕಣೆ ಹಾಕಿದರು: ನೀನೂ ಸಾಯುವ ಮನುಷ್ಯನೇ, ದೇವರಲ್ಲ, ಪ್ರಜೆಗಳ ಆತ್ಮದ ಮೇಲೆ ನಿನಗೆ ಅಧಿಕಾರವಿಲ್ಲ ಎಂಬ ಅರ್ಥದಲ್ಲಿ. ಜೈಲಿಗೆ ಹೋದರು, ಕೆಲವೇ ವರ್ಷದಲ್ಲಿ ತೀರಿಕೊಂಡರು. ಆದರೆ ನೀನು ಗಮನಿಸಬೇಕಾದದ್ದು ಜೈಲನ್ನಲ್ಲ. ಹೆಲ್ವಿಸ್ ಆ ಸ್ವಾತಂತ್ರ್ಯವನ್ನು ತಮ್ಮ ಗುಂಪಿಗೆ ಮಾತ್ರ ಕೇಳಲಿಲ್ಲ. ಯೆಹೂದಿಗೂ ಬೇಕು, ಮುಸಲ್ಮಾನನಿಗೂ ಬೇಕು, ತಾವು ಒಪ್ಪದ ಪಂಥದವನಿಗೂ ಬೇಕು ಅಂದರು. ನಾನೂರು ವರ್ಷದ ಹಿಂದೆ ಹೀಗೆ ಹೇಳಿದವರು ಎಷ್ಟು ಜನ?

ಆದ್ದರಿಂದ ಧರ್ಮಸ್ವಾತಂತ್ರ್ಯ ಕೊಡುವ ನಮ್ಮ ಸಂವಿಧಾನದ 25ನೇ ವಿಧಿಯನ್ನು ಕೇವಲ ನಮಗೆ ತೊಂದರೆಯಾದ ದಿನ ನೆನಪಿಸಿಕೊಳ್ಳುವುದು ಬ್ಯಾಪ್ಟಿಸ್ಟರಿಗೆ ಒಪ್ಪುವ ನಡತೆಯಲ್ಲ. ನಿನ್ನ ಬೀದಿಯ ಮಸೀದಿಗೆ ಯಾರಾದರೂ ಅಡ್ಡಿ ಮಾಡಿದರೆ, ಗುಡಿಯೊಳಗೆ ಬರಬೇಡ ಎಂದು ಯಾರನ್ನಾದರೂ ತಡೆದರೆ, ಅದೂ ನಿನ್ನ ವಿಷಯವೇ. ಅಮೆರಿಕದಲ್ಲಿ ಡ್ಯಾನ್‌ಬರಿ ಎಂಬ ಊರಿನ ಸುತ್ತಲಿನ ಬ್ಯಾಪ್ಟಿಸ್ಟರು 1801ರಲ್ಲಿ ಅಧ್ಯಕ್ಷ ಜೆಫರ್ಸನ್ನರಿಗೆ ಪತ್ರ ಬರೆದು ತಮ್ಮ ರಾಜ್ಯದಲ್ಲಿ ಸರ್ಕಾರಿ ಚರ್ಚಿನ ಕಾಟ ಹೇಳಿಕೊಂಡಿದ್ದರು. ಧರ್ಮಕ್ಕೂ ಸರ್ಕಾರಕ್ಕೂ ನಡುವೆ ಗೋಡೆ ಇರಬೇಕು ಎಂಬ, ಈಗ ಎಲ್ಲರ ಬಾಯಲ್ಲೂ ಇರುವ ಮಾತು ಬಂದದ್ದು ಜೆಫರ್ಸನ್ ಅವರಿಗೆ ಕೊಟ್ಟ ಉತ್ತರದಲ್ಲೇ.

ಇಷ್ಟು ಹೇಳಿ ನಿಲ್ಲಿಸಿದರೆ ಮೋಸವಾಗುತ್ತದೆ. ಅದೇ ಅಮೆರಿಕದಲ್ಲಿ ಗುಲಾಮರನ್ನು ಇಟ್ಟುಕೊಂಡವನು ಮಿಷನರಿಯಾಗಬಹುದೇ ಎಂಬ ಪ್ರಶ್ನೆ ಎದ್ದು, ಆಗಬಹುದು ಎಂದ ದಕ್ಷಿಣದವರು 1845ರಲ್ಲಿ ಬೇರೆ ಸಂಘ ಕಟ್ಟಿಕೊಂಡರು. ಆತ್ಮದ ಮೇಲೆ ದೊರೆಗೂ ಹಕ್ಕಿಲ್ಲ ಎಂದವರ ಮಕ್ಕಳು, ಕಪ್ಪು ಮನುಷ್ಯನ ಮೈಮೇಲೆ ತಮಗೆ ಹಕ್ಕಿದೆ ಅಂದರು. ಆ ಸಂಘ ಅದಕ್ಕೆ ಕ್ಷಮೆ ಕೇಳಿದ್ದು 1995ರಲ್ಲಿ, ಒಂದೂವರೆ ಶತಮಾನ ಕಳೆದ ಮೇಲೆ. ಮಾರ್ಟಿನ್ ಲೂಥರ್ ಕಿಂಗ್ ಬ್ಯಾಪ್ಟಿಸ್ಟ್ ಪಾಸ್ಟರ್ ಎಂದು ನಿಮ್ಮ ಯೂತ್ ಮೀಟಿಂಗಿನಲ್ಲಿ ಎದೆ ಉಬ್ಬಿಸಿ ಹೇಳುತ್ತೀರಿ, ಹೇಳಿ. ಅವರು ಎದುರಿಸಿದ ಬಿಳಿಯರಲ್ಲಿ ಬ್ಯಾಪ್ಟಿಸ್ಟರು ಎಷ್ಟಿದ್ದರು ಎಂಬುದನ್ನೂ ಜೊತೆಗೆ ಹೇಳಿ.

ಇನ್ನು ನಮ್ಮ ಹಿರಿಯರ ಕಥೆಗೆ ಬರೋಣ. ಅದು ನೆಲ್ಲೂರು–ಒಂಗೋಲು ಸೀಮೆಯದು. ಕೆಜಿಎಫ್ ಗಣಿಗೆ ಕೂಲಿಗೆಂದು ನಮ್ಮವರು ಬರುವ ಎಷ್ಟೋ ಮೊದಲಿನದು. ಅಮೆರಿಕದ ಮಿಷನ್ನಿನ ಸ್ಯಾಮ್ಯುಯೆಲ್ ಡೇ 1840ರಲ್ಲಿ ನೆಲ್ಲೂರಿಗೆ ಬಂದು ನೆಲೆಸಿದರು. 1844ರಲ್ಲಿ ಅಲ್ಲಿ ಸಭೆ ಏರ್ಪಟ್ಟಾಗ ಇದ್ದವರು ಎಂಟು ಜನ. ಹತ್ತು ವರ್ಷವಾದರೂ ಲೆಕ್ಕ ಏರಲಿಲ್ಲ. ಕಳಿಸಿದವರಿಗೆ ಬೇಸರ ಬಂತು. ಬರ್ಮಾದ ಕಡೆ ನಕಾಶೆ ತುಂಬ ಕೇಂದ್ರಗಳು, ಈ ಕಡೆ ಒಂದೇ ಒಂದು; ಮುಚ್ಚಿಬಿಡೋಣ ಎಂದು 1853ರಲ್ಲಿ ಅವರ ಮಹಾಸಭೆಯಲ್ಲಿ ಚರ್ಚೆಯಾಯಿತು. ಮುಚ್ಚಲಿಲ್ಲ. 'ಒಂಟಿ ನಕ್ಷತ್ರ' ಎಂಬ ಅಡ್ಡಹೆಸರು ಮಾತ್ರ ನಮ್ಮ ಮಿಷನ್ನಿಗೆ ಅಂಟಿಕೊಂಡಿತು. ಮರುವರ್ಷ ಜನವರಿ ಒಂದರ ಬೆಳಗಿನ ಜಾವ ಒಂಗೋಲಿನ ಗುಡ್ಡದ ಮೇಲೆ ಮಿಷನರಿ ಜ್ಯೂವೆಟ್ ದಂಪತಿಗಳೂ ಮೂವರು ತೆಲುಗು ಕ್ರೈಸ್ತರೂ ಕೂತು ಪ್ರಾರ್ಥನೆ ಮಾಡಿದರು. ಆ ಮೂವರಲ್ಲಿ ಇಬ್ಬರು ಹೆಂಗಸರು, ಜೂಲಿಯಾ ಮತ್ತು ರೂತ್. ಗುಡ್ಡದ ಕಥೆ ಹೇಳುವಾಗ ಬಿಳಿ ದೊರೆಗಳ ಹೆಸರನ್ನೇ ಹೇಳಿ ಮುಗಿಸುವ ಬೋಧಕರು ನಮ್ಮಲ್ಲಿ ಇದ್ದಾರೆ. ನೀನು ಹಾಗೆ ಮಾಡಬೇಡ.

ಮಿಷನರಿ ಜಾನ್ ಕ್ಲೌ 1866ರಲ್ಲಿ ಒಂಗೋಲಿಗೆ ಬಂದರು. ಜನ ಅವರನ್ನು ಕ್ಲೌ ದೊರೆ ಅನ್ನುತ್ತಿದ್ದರು. ಅವರು ಬಂದು ಸೇರುವ ಮುಂಚೆಯೇ ಅಲ್ಲಿಗೆ ಬಂದು ದೀಕ್ಷಾಸ್ನಾನ ತೆಗೆದುಕೊಂಡು ಹೋಗಿದ್ದವರು ಯರ್ರಗುಂಟ್ಲ ಪೇರಯ್ಯನವರು. ಮಾದಿಗರ ಕುಲದವರು, ತೊಗಲಿನ ಕೆಲಸದವರು, ರಾಜಯೋಗ ಕಲಿತವರು. ದೇವರನ್ನು ಹುಡುಕಿಕೊಂಡು ತಿರುಗಿದ್ದ ಮನುಷ್ಯ, ತಾನಾಗಿಯೇ ವಿಚಾರಿಸಿಕೊಂಡು ಬಂದವರು. ಹೆಂಡತಿ ನಾಗಮ್ಮನವರನ್ನೂ ಕರೆದುಕೊಂಡು ಬಂದಿದ್ದರು. ಆಮೇಲೆ ತಮ್ಮ ಊರು ತಾಳ್ಳಕೊಂಡಪಾಡಿನ ಸುತ್ತ ನೆಂಟರ ಕೇರಿಗಳಿಗೆ ಹೋಗಿ ಹೇಳತೊಡಗಿದರು. 1867ರ ಜನವರಿಯಲ್ಲಿ ಕ್ಲೌ ಅಲ್ಲಿಗೆ ಹೋದಾಗ, ಜನ ಬುತ್ತಿ ಕಟ್ಟಿಕೊಂಡು, ಬದಲಿ ಬಟ್ಟೆ ಹಿಡಿದುಕೊಂಡು ಹುಣಸೆ ತೋಪಿನಲ್ಲಿ ಕಾದಿದ್ದರು. ಕಲಿಸಿ, ಕೇಳಿ, 28 ಮಂದಿಗೆ ದೀಕ್ಷಾಸ್ನಾನ ಕೊಟ್ಟರು. ಒಂಗೋಲಿನ ಸಭೆ ಅದೇ ತಿಂಗಳು ಎಂಟು ಜನರಿಂದ ಶುರುವಾಗಿತ್ತು. ನಮ್ಮ ಸಭೆ ಕಟ್ಟಿದವರು ಮಿಷನರಿಗಳು ಎನ್ನುವ ಮಾತನ್ನು ಮಿಷನರಿಗಳ ಪುಸ್ತಕಗಳೇ ಪೂರ್ತಿ ಒಪ್ಪುವುದಿಲ್ಲ. ಕ್ಲೌ ಅವರ ಎರಡನೇ ಹೆಂಡತಿ ಎಮ್ಮಾ ರೌಶೆನ್‌ಬುಶ್ 1899ರಲ್ಲಿ ಚಪ್ಪಲಿ ಹೊಲಿಯುವವರ ಕಥೆಗಳೆಂದೇ ಒಂದು ಪುಸ್ತಕ ಬರೆದರು. ಅದರ ತುಂಬ ಇಂಥ ಮನುಷ್ಯರೇ ಇದ್ದಾರೆ: ಗುರುಗಳನ್ನು ಹುಡುಕಿದವರು, ಏಟು ತಿಂದವರು, ನಡೆದೂ ನಡೆದೂ ಹಳ್ಳಿಹಳ್ಳಿಗೆ ಮಾತು ಮುಟ್ಟಿಸಿದವರು.

ಇಲ್ಲಿ ಒಂದು ಇಕ್ಕಟ್ಟು ಬಂತು. ಒಂಗೋಲಿನ ಮೇಲ್ಜಾತಿಯವರಿಗೆ ಕ್ಲೌ ಅವರ ಶಾಲೆ ಬೇಕಾಗಿತ್ತು, ಮಕ್ಕಳನ್ನು ಕಳಿಸುತ್ತಿದ್ದರು. ಮಾದಿಗರನ್ನು ಸೇರಿಸಿಕೊಂಡರೆ ನಾವು ಬರುವುದಿಲ್ಲ ಅಂದರು. ಊರಿನ ಓದುಬರಹದವರು, ಹಣವಂತರು ಒಂದು ಕಡೆ; ಊರಾಚೆಯ ಕೇರಿ ಇನ್ನೊಂದು ಕಡೆ. ಗಂಡ ತಮ್ಮ ಕೋಣೆಯಲ್ಲಿ, ಹೆಂಡತಿ ಹ್ಯಾರಿಯೆಟ್ ತಮ್ಮ ಕೋಣೆಯಲ್ಲಿ ಬೈಬಲ್ ತೆರೆದಾಗ ಇಬ್ಬರಿಗೂ ಕೊರಿಂಥದವರಿಗೆ ಬರೆದ ಮೊದಲ ಪತ್ರದ ಒಂದೇ ಭಾಗ ಸಿಕ್ಕಿತಂತೆ, ಲೋಕ ಕೀಳೆಂದು ತಳ್ಳಿದವರನ್ನು ದೇವರು ಆರಿಸಿಕೊಂಡ ಎನ್ನುವ ಭಾಗ. ಕಥೆಯನ್ನು ಕ್ಲೌ ಅವರೇ ಬರೆದಿದ್ದಾರೆ. ನನಗೆ ಆ ಕಾಕತಾಳೀಯಕ್ಕಿಂತ ಅದರ ಮುಂದಿನದು ದೊಡ್ಡದು: ಶಾಲೆಯ ಬೆಂಚು ಖಾಲಿಯಾಯಿತು, ಅವರು ಮಾತು ಬದಲಿಸಲಿಲ್ಲ.

ಸೇರಿದವರಿಗೆ ಹೇಳಿದ ಕಟ್ಟಳೆ ಮೂರೇ: ಭಾನುವಾರ ಕೆಲಸ ಮಾಡಬೇಡಿ, ಸತ್ತ ದನದ ಮಾಂಸ ತಿನ್ನಬೇಡಿ, ವಿಗ್ರಹ ಪೂಜಿಸಬೇಡಿ. ಕೇಳಲು ಸಣ್ಣ ಮಾತು. ಆದರೆ ಊರಿನ ಕಪಿಲೆಗೆ ತೊಗಲ ಬಾನಿ ಹೊಲಿದು ಕೊಡಬೇಕಾದವರು, ಜಾತ್ರೆಗೆ ತಮಟೆ ಬಡಿಯಬೇಕಾದವರು ಇವರೇ. ಭಾನುವಾರ ಬರುವುದಿಲ್ಲ, ಜಾತ್ರೆಗೆ ತಮಟೆ ಹಿಡಿಯುವುದಿಲ್ಲ ಅಂದ ಕೂಡಲೆ ಕಣದಲ್ಲಿ ಸಿಗುತ್ತಿದ್ದ ಆಯಕ್ಕೇ ಕುತ್ತು ಬಂತು. ಬಾವಿ ಮುಚ್ಚಿದರು, ದಾರಿ ಮುಚ್ಚಿದರು, ಹೊಡೆದರು. ಒಂದು ಊರಿನ ದುಡಿಮೆಯ ಲೆಕ್ಕಾಚಾರವೇ ಈ ಮೂರು ಕಟ್ಟಳೆಯಿಂದ ಅಲುಗಾಡಿತು. ನಿನಗೆ ಭಾನುವಾರ ಬೆಳಿಗ್ಗೆ ಟ್ಯೂಷನ್ ಇದೆ, ಆರಾಧನೆಗೆ ತಡವಾಗುತ್ತೆ ಎಂದು ಅಮ್ಮನ ಜೊತೆ ಜಗಳ ಆಡುತ್ತೀಯಲ್ಲ, ಅದಕ್ಕೂ ಇದಕ್ಕೂ ತಾಳೆ ಹಾಕುತ್ತಿದ್ದೇನೆ ಅಂದುಕೊಳ್ಳಬೇಡ. ಹಾಕಿದರೂ ತಪ್ಪಿಲ್ಲ.

ಇನ್ನು ಬರದ ಮಾತು. ಇದನ್ನು ನಿಧಾನವಾಗಿ ಓದು. ನಮ್ಮ ಮೈಸೂರು ಸೀಮೆಯ ಹಳಬರು ಧಾತು–ಈಶ್ವರ ಸಂವತ್ಸರದ ಬರ ಅನ್ನುತ್ತಿದ್ದರು. ಒಂಗೋಲಿನ ಕಡೆಯವರಿಗೂ ಅದು ಧಾತು ಬರವೇ. 1876ರಿಂದ 78. ಮೈಸೂರು ಸಂಸ್ಥಾನದಲ್ಲಿ 1871ರಲ್ಲಿ 50 ಲಕ್ಷ ದಾಟಿದ್ದ ಜನಸಂಖ್ಯೆ 1881ರ ಗಣತಿಯಲ್ಲಿ 42 ಲಕ್ಷಕ್ಕಿಂತ ಕೆಳಗಿತ್ತು ಎಂದರೆ ಊಹಿಸಿಕೋ. ಮದರಾಸು ಪ್ರಾಂತ್ಯದಲ್ಲಿ ಪರಿಹಾರ ಕಾಮಗಾರಿಯ ಗಂಡಾಳಿಗೆ ದಿನಕ್ಕೆ ಒಂದು ಪೌಂಡು ಧಾನ್ಯ, ಒಂದಾಣೆ ಸಾಕೆಂದು ಸರ್ಕಾರದ ಅಧಿಕಾರಿ ಸರ್ ರಿಚರ್ಡ್ ಟೆಂಪಲ್ ಗೊತ್ತುಮಾಡಿದ್ದರು. ಆ ಅಳತೆಯಲ್ಲಿ ಗುದ್ದಲಿ ಎತ್ತುವವನು ಬದುಕುವುದಿಲ್ಲ ಎಂದು ವೈದ್ಯರೇ ತಕರಾರು ಎತ್ತಿದರು.

ಆಗ ಬಕಿಂಗ್‌ಹ್ಯಾಮ್ ಕಾಲುವೆಯ ಕೆಲಸ ನಡೆಯುತ್ತಿತ್ತು. ಕ್ಲೌ ಹುಡುಗನಾಗಿದ್ದಾಗ ಅಮೆರಿಕದಲ್ಲಿ ಭೂಮಿ ಸರ್ವೆ ಕೆಲಸ ಮಾಡಿದ್ದವರು. ಕಾಲುವೆಯ ಕೆಲವು ಮೈಲಿಯನ್ನು ತಾವೇ ಗುತ್ತಿಗೆ ಹಿಡಿದರು. ಬೋಧಕರು ಮೇಸ್ತ್ರಿಗಳಾದರು. ಹಸಿದು ಬಂದವರಿಗೆ ಜಾತಿ ಕೇಳದೆ ಕೆಲಸ, ಮೋಸವಿಲ್ಲದೆ ಕೂಲಿ. ಮಧ್ಯಾಹ್ನ ಕೂತು ಸುಧಾರಿಸಿಕೊಳ್ಳುವಾಗ ಬೋಧಕರು ಅವರ ನಡುವೆ ಕೂತು ಮಾತಾಡುತ್ತಿದ್ದರು. ಜನ ದೀಕ್ಷಾಸ್ನಾನ ಕೊಡಿ ಎಂದು ಕೇಳತೊಡಗಿದರು. ಕ್ಲೌ ಕೊಡಲಿಲ್ಲ. ಸುಮಾರು 15 ತಿಂಗಳು ಒಬ್ಬರಿಗೂ ಕೊಡಲಿಲ್ಲ. ಕೂಲಿಯ ಬಟವಾಡೆ ಮಾಡುವ ಕೈಯಿಂದಲೇ ದೀಕ್ಷಾಸ್ನಾನವೂ ಆದರೆ, ಬಂದವನು ದೇವರಿಗೆ ಬಂದನೋ ಅಕ್ಕಿಗೆ ಬಂದನೋ ಎಂದು ಅವನಿಗೇ ತಿಳಿಯದೆ ಹೋಗುತ್ತದಲ್ಲ. ಲಕ್ಷಾಂತರ ಜನ ಸಾಯುತ್ತಿದ್ದ ಹೊತ್ತಿನಲ್ಲಿ ಒಬ್ಬ ಮಿಷನರಿ ತನ್ನ ವರದಿಯಲ್ಲಿ ಲೆಕ್ಕ ಏರಿಸಿಕೊಳ್ಳುವ ಅವಕಾಶವನ್ನು ಬೇಕೆಂದೇ ಕೈಬಿಟ್ಟರು. ನಮ್ಮ ಸಭೆಯ ಚರಿತ್ರೆಯಲ್ಲಿ ನನಗೆ ಅತಿ ಪ್ರಿಯವಾದ ಘಟ್ಟ ಇದು, ಏನೂ ನಡೆಯದ ಈ 15 ತಿಂಗಳು.

ಬರ ಕಳೆಯಿತು, ಹಣವೂ ಮುಗಿಯಿತು. 1878ರ ಜೂನ್ ಕಳೆಯುವ ಹೊತ್ತಿಗೆ ಜನ ಮತ್ತೆ ಬಂದರು. ಇನ್ನು ಕೊಡಲು ನನ್ನ ಬಳಿ ಏನೂ ಇಲ್ಲ, ಮನೆಗೆ ಹೋಗಿ ಎಂದರು ಕ್ಲೌ. ನಮಗೇನೂ ಬೇಡ, ದುಡಿದು ತಿನ್ನುತ್ತೇವೆ ಎಂದು ಬೊಬ್ಬೆ ಎದ್ದ ಅಂಗೈ ತೋರಿಸಿದರಂತೆ. ಗುಂಡ್ಲಕಮ್ಮ ನದಿಯ ದಡದ ವೇಲುಂಪಲ್ಲಿಯಲ್ಲಿ ಬೋಧಕರು ತಂತಮ್ಮ ಹಳ್ಳಿಯವರನ್ನು ವಿಚಾರಿಸಿ, ಗೊತ್ತಿಲ್ಲದವರನ್ನು ಬೇರೆ ಮಾಡಿ, ಪಟ್ಟಿ ಮಾಡಿದರು. ಜುಲೈ 3ರಂದು ಒಂದೇ ದಿನ 2,222 ಮಂದಿಗೆ ದೀಕ್ಷಾಸ್ನಾನ. ಆರು ಜನ ತೆಲುಗು ಬೋಧಕರು, ಒಂದು ಹೊತ್ತಿಗೆ ಇಬ್ಬರಂತೆ ನೀರಿನಲ್ಲಿ ನಿಂತು, ಬೆಳಿಗ್ಗೆಯಿಂದ ಸಂಜೆಯವರೆಗೆ, ನಡುವೆ ಊಟದ ಬಿಡುವು. ಕ್ಲೌ ಆ ದಿನ ಒಬ್ಬರಿಗೂ ಕೊಡಲಿಲ್ಲ, ದಡದಲ್ಲೇ ಇದ್ದರು. ಆ ವರ್ಷದ ಕೊನೆಯ ಹೊತ್ತಿಗೆ ಸೇರಿದವರು 9,606. ಆ 2,222ರಲ್ಲಿ ನಮ್ಮ ಮುತ್ತಾತನೂ ಒಬ್ಬ ಎಂದು ನಿನ್ನ ಅಜ್ಜಿ ಹೇಳುತ್ತಿದ್ದಳು. ಒಂಗೋಲಿನ ಕಡೆಯ ಯಾವ ಬ್ಯಾಪ್ಟಿಸ್ಟ್ ಮನೆಗೆ ಹೋದರೂ ಇದೇ ಮಾತು. ಎಲ್ಲರ ಮುತ್ತಾತರನ್ನೂ ಒಟ್ಟಿಗೆ ಇಳಿಸಿದ್ದರೆ ಗುಂಡ್ಲಕಮ್ಮ ದಡ ಮೀರುತ್ತಿತ್ತು.

ನಿನ್ನನ್ನು ಯಾರಾದರೂ 'ಅಕ್ಕಿ ಕ್ರೈಸ್ತರು' ಎಂದು ಚುಚ್ಚಿದರೆ, ಈ ಕಥೆ ನಿನಗೆ ಉತ್ತರ. ಕೋಪ ಮಾಡಿಕೊಳ್ಳದೆ ಹೇಳು. ಆದರೆ ಇದನ್ನು ಗುರಾಣಿಯಾಗಿ ಹಿಡಿಯಬೇಡ. 2,222 ಹೃದಯಗಳಲ್ಲಿ ಏನಿತ್ತೆಂದು ಯಾರು ಬಲ್ಲರು? ಕಾಲುವೆಯಲ್ಲಿ ಜೀವ ಉಳಿಸಿದವರ ಮೇಲಿನ ಋಣವೂ ಇದ್ದಿರಬಹುದು. ನೆಂಟರೆಲ್ಲ ಹೋದರೆಂದು ಹೋದವರೂ ಇದ್ದಿರಬಹುದು. ಮನುಷ್ಯ ಅಂತ ಎದುರಿಗೆ ಕೂರಿಸಿಕೊಂಡು ಮಾತಾಡಿದ ಮೊದಲ ಜನ ಇವರು ಎಂಬ ಕಾರಣ ಇದ್ದರೆ, ಅದನ್ನು ಕೀಳು ಕಾರಣ ಎಂದು ನಾನಂತೂ ಹೇಳಲಾರೆ. ಮಾನ ಬಯಸುವುದು ಹೊಟ್ಟೆಪಾಡಲ್ಲ.

ಆ ಮಾನಕ್ಕೆ ಈಗಲೂ ಬೆಲೆ ಕಟ್ಟುತ್ತಿದ್ದೇವೆ. 1950ರ ರಾಷ್ಟ್ರಪತಿ ಆದೇಶದ ಪ್ರಕಾರ ಪರಿಶಿಷ್ಟ ಜಾತಿಯವನು ಕ್ರೈಸ್ತನಾದರೆ ಆ ಪಟ್ಟಿಯಿಂದ ಹೊರಗೆ. ಸಿಖ್ಖರಾದವರಿಗೆ 1956ರಲ್ಲಿ, ಬೌದ್ಧರಾದವರಿಗೆ 1990ರಲ್ಲಿ ತಿದ್ದುಪಡಿ ಬಂತು, ನಮಗೆ ಬಂದಿಲ್ಲ. ಊರು ಮಾತ್ರ ಹಳೆಯ ಜಾತಿಯಲ್ಲೇ ನಮ್ಮನ್ನು ಗುರುತಿಸುತ್ತದೆ. ಹೀಗಾಗಿ ಮನೆಯಲ್ಲೊಂದು ಹೆಸರು, ಕಾಗದದಲ್ಲೊಂದು ಹೆಸರು ಇಟ್ಟುಕೊಂಡವರಿದ್ದಾರೆ. ನಿನ್ನ ಜೊತೆಯ ಹುಡುಗರಲ್ಲೇ ಯಾರಾದರೂ ಈ ಕಾರಣಕ್ಕೆ ತರಗತಿಗೆ ಬರಲು ಹಿಂಜರಿದರೆ, ಹೇಡಿ ಎನ್ನಬೇಡ. ಅವನ ಮನೆಯಲ್ಲಿ ಎಷ್ಟು ಜನರ ಓದು, ಕೆಲಸ ಆ ಕಾಗದದ ಮೇಲೆ ನಿಂತಿದೆಯೋ. ನಿನ್ನ ಮಟ್ಟಿಗೆ ಹೇಳುವುದಾದರೆ, ನೀರಿನಲ್ಲಿ ನಿಂತು ಒಂದು ಹೇಳಿ ಕಚೇರಿಯಲ್ಲಿ ಇನ್ನೊಂದು ಬರೆಯುವ ಹಾಗಾಗುವುದಿದ್ದರೆ, ಮೊದಲು ಕೂತು ಯೋಚಿಸು.

ಮಿಷನ್ ಅಂದರೆ ಏನು ಎಂದು ನೀನು ಹೋದ ಕ್ರಿಸ್‌ಮಸ್ಸಿನಲ್ಲಿ ಕೇಳಿದ್ದೆ. ಕರಪತ್ರ ಹಂಚುವುದು ಎಂದು ನಿನ್ನ ಅಣ್ಣ ನಡುವೆ ಬಾಯಿ ಹಾಕಿ ಮಾತು ಕೆಡಿಸಿದ. ಉತ್ತರ ಈಗ ಹೇಳುತ್ತೇನೆ. ಬಂಗಾಳದ ಸಿರಾಂಪುರಕ್ಕೆ ಹೋಗಿ ಕೂತ ವಿಲಿಯಂ ಕೇರಿ ಇಂಗ್ಲೆಂಡಿನಲ್ಲಿ ಚಮ್ಮಾರಿಕೆ ಮಾಡಿಕೊಂಡಿದ್ದ ಬ್ಯಾಪ್ಟಿಸ್ಟರು. ಕರ್ನಾಟಕಕ್ಕೆ ಕಾಲಿಡದೆಯೇ 1817ರಲ್ಲಿ ಕನ್ನಡಕ್ಕೊಂದು ವ್ಯಾಕರಣ ಬರೆದು ಅಚ್ಚು ಹಾಕಿಸಿದರು. ಅವರೂ ಜೊತೆಯವರೂ 1818ರಲ್ಲಿ ಕಟ್ಟಿದ ಸಿರಾಂಪುರ ಕಾಲೇಜಿಗೆ 1827ರಲ್ಲಿ ಡೆನ್ಮಾರ್ಕಿನ ದೊರೆ ಪದವಿ ಕೊಡುವ ಅಧಿಕಾರ ಕೊಟ್ಟ. ಬೆಂಗಳೂರಿನ ಯುನೈಟೆಡ್ ಥಿಯಾಲಾಜಿಕಲ್ ಕಾಲೇಜಿನಲ್ಲಿ, ಮಂಗಳೂರಿನ ಕರ್ನಾಟಕ ಥಿಯಾಲಾಜಿಕಲ್ ಕಾಲೇಜಿನಲ್ಲಿ ಓದಿದವರಿಗೆ ಇಂದಿಗೂ ಪದವಿ ಬರುವುದು ಸಿರಾಂಪುರದ ಹೆಸರಲ್ಲಿ. ಮಗುವಿಗೆ ನೀರು ಹಾಕುವ ಸಭೆಯ ಅಯ್ಯನವರೂ ಹಾಕದ ಸಭೆಯ ಅಯ್ಯನವರೂ ಗೋಡೆಗೆ ತೂಗುಹಾಕಿರುವ ಬಿ.ಡಿ. ಪದವಿ ಒಂದೇ.

ಇನ್ನೊಬ್ಬರಿದ್ದಾರೆ, ಅವರ ಹೆಸರು ನಮ್ಮ ಸಂಡೇ ಸ್ಕೂಲಿನಲ್ಲಿ ಯಾಕೆ ಹೇಳಿಕೊಡುವುದಿಲ್ಲವೋ. ಜಾನ್ ರಂಗಯ್ಯ. ನೆಲ್ಲೂರು ಕಡೆಯ ತೆಲುಗು ಬ್ಯಾಪ್ಟಿಸ್ಟರು ತಮ್ಮದೇ ಮಿಷನ್ ಸಂಘ ಕಟ್ಟಿ, ತಮ್ಮದೇ ಕಾಣಿಕೆಯಿಂದ 1903ರಲ್ಲಿ ಅವರನ್ನು ದಕ್ಷಿಣ ಆಫ್ರಿಕದ ನಟಾಲಿಗೆ ಕಳಿಸಿದರು. ಅಲ್ಲಿ ಕರಾರಿನ ಮೇಲೆ ಹಡಗು ಹತ್ತಿಹೋದ ತೆಲುಗು ಕೂಲಿಗಳು ಕಬ್ಬಿನ ಗದ್ದೆಗಳಲ್ಲಿ, ಚಹಾ ತೋಟಗಳಲ್ಲಿ ಇದ್ದರು. ಆ ವರ್ಷದ ಡಿಸೆಂಬರಿನಲ್ಲೇ ಕಿಯರ್ಸ್ನಿ ಎಂಬಲ್ಲಿ ಅವರ ನಡುವೆ ತೆಲುಗು ಬ್ಯಾಪ್ಟಿಸ್ಟ್ ಸಭೆ ಏರ್ಪಟ್ಟಿತು. ಎಂಟು ಜನರಿಂದ ಶುರುವಾಗಿ, ಮುಚ್ಚಬೇಕೆನಿಸಿದ್ದ ಮಿಷನ್ನಿನ ಮಕ್ಕಳು ಸಮುದ್ರ ದಾಟಿ ಇನ್ನೊಬ್ಬರ ಕೂಲಿ ಲೈನಿಗೆ ಹೋದರು. ನಮ್ಮ ಊರಲ್ಲೂ ಈಗ ಹೊರಗಿನಿಂದ ಕಟ್ಟಡ ಕೆಲಸಕ್ಕೆ ಬಂದು ಶೆಡ್ಡಿನಲ್ಲಿರುವವರಿದ್ದಾರೆ. ಅವರ ಮಕ್ಕಳಿಗೆ ಶಾಲೆ ಇಲ್ಲ. ಬೋಧನೆ ಆಮೇಲೆ, ನಿನ್ನ ಯೂತ್ ಗುಂಪು ವಾರಕ್ಕೊಂದು ಸಂಜೆ ಅವರಿಗೆ ಅಕ್ಷರ ಕಲಿಸಲಿ. ಕ್ಲೌ ಅವರ ಗೆರೆಯನ್ನು ನೀವೂ ಹಾಕಿಕೊಳ್ಳಿ: ಪುಸ್ತಕ ಕೊಟ್ಟ ಕೈ ಅವರಿಂದ ಏನನ್ನೂ ಕೇಳಬಾರದು.

ದೀಕ್ಷಾಸ್ನಾನದ ದಿನ ಸಾಕ್ಷಿ ಹೇಳಬೇಕಾಗುತ್ತದೆ. ಯಾರೋ ಬರೆದುಕೊಟ್ಟದ್ದನ್ನು ಬಾಯಿಪಾಠ ಒಪ್ಪಿಸಬೇಡ. ಪ್ರತಿವರ್ಷ ಅದೇ ಮಾತು ಕೇಳಿ ಕೇಳಿ ಹಿರಿಯರಿಗೆ ಕಣ್ಣು ಎಳೆಯುತ್ತದೆ. ನಾಲ್ಕೇ ಮಾತು ಇರಲಿ, ತೆಲುಗಿನಲ್ಲೋ ಕನ್ನಡದಲ್ಲೋ, ನಿನ್ನದಾಗಿರಲಿ. ಅನುಮಾನ ಇದ್ದರೆ ಅದನ್ನೂ ಹೇಳು. ಇನ್ನೂ ಹೊತ್ತು ಬೇಕು ಅನ್ನಿಸಿದರೆ ಮುಂದಿನ ಸಲಕ್ಕೆ ಹಾಕಿಕೋ. ನಿನ್ನ ಅಮ್ಮನಿಗೆ ನಾನು ಸಮಾಧಾನ ಹೇಳುತ್ತೇನೆ. 15 ತಿಂಗಳು ಕಾದ ಸಭೆಗೆ ಒಂದು ವರ್ಷ ಹೆಚ್ಚಲ್ಲ.

ನೀರಿನಿಂದ ಎದ್ದು ಬಂದ ಮೇಲೆ ಇನ್ನೊಂದಿದೆ, ಅದನ್ನು ತರಗತಿಯಲ್ಲಿ ಅಷ್ಟಾಗಿ ಹೇಳುವುದಿಲ್ಲ. ನಮಗೆ ಬಿಷಪ್ ಇಲ್ಲ. ಪಾಸ್ಟರನ್ನು ಕರೆಯುವುದು, ಬೇಡವೆನ್ನುವುದು, ಹಣ ಖರ್ಚು ಮಾಡುವುದು, ಎಲ್ಲವೂ ಸದಸ್ಯರ ಸಭೆಯ ಕೈಯಲ್ಲಿ. ನಿನ್ನ ವೋಟಿಗೂ ನನ್ನ ವೋಟಿಗೂ ತೂಕ ಒಂದೇ. ಹೀಗೆ ನಡೆಯುವುದು ಸುಲಭವಲ್ಲ. ಒಂಗೋಲಿನಲ್ಲೇ ಒಂದು ಕಾಲಕ್ಕೆ ಒಂದೇ ಸಭೆಯ ಪಟ್ಟಿಯಲ್ಲಿ 20,000ಕ್ಕೂ ಹೆಚ್ಚು ಹೆಸರಿತ್ತು. ಅಷ್ಟು ಜನ ಒಂದೆಡೆ ಕೂತು ತೀರ್ಮಾನ ಮಾಡುವುದುಂಟೆ? ದೊರೆಯ ಮಾತೇ ನಡೆಯಿತು. 1880ರ ದಶಕದಲ್ಲಿ ವಿನುಕೊಂಡ, ಕಂಭಂ, ನರಸರಾವುಪೇಟೆ, ಬಾಪಟ್ಲ ಎಂದು ಬೇರೆ ಕೇಂದ್ರಗಳನ್ನು ಮಾಡಿದರು. ಆದರೂ ದೊರೆ ನೋಡಿಕೊಳ್ಳುತ್ತಾರೆ ಎಂಬ ಅಭ್ಯಾಸ ಉಳಿದುಬಿಟ್ಟಿತು, ದೊರೆಗಳು ಹೋದ ಮೇಲೆ ಆ ಕುರ್ಚಿಗೆ ನಮ್ಮವರೇ ಕೂತರು. ಮಿಷನ್ ಬಿಟ್ಟುಹೋದ ಜಮೀನು, ಬಂಗಲೆ, ಮಳಿಗೆಗಳ ಮೇಲೆ ಎಷ್ಟು ಸಭೆಗಳಲ್ಲಿ ವ್ಯಾಜ್ಯ ನಡೆಯುತ್ತಿದೆ ಎಂದು ನಿನಗೂ ಗೊತ್ತು. ಮನೆಯ ಊಟದ ಹೊತ್ತಿನಲ್ಲಿ ಕೇಳಿಸಿಕೊಂಡಿದ್ದೀಯ.

ಹುಡುಗಿಯರಿಗೆ ಇದೆಲ್ಲ ಯಾಕೆ ಎನ್ನುವ ಹಿರಿಯರು ಇರುತ್ತಾರೆ. ಜೂಲಿಯಾ, ರೂತ್ ಅವರ ಹೆಸರು ಹೇಳಿ ಕೂತುಕೋ. ವರ್ಷಕ್ಕೊಮ್ಮೆಯ ಸದಸ್ಯರ ಸಭೆಯನ್ನು ಭಾನುವಾರ ಆರಾಧನೆ ಮುಗಿದು, ಊಟ ಆಗಿ, ಎಲ್ಲರೂ ತೂಕಡಿಸುವ ಹೊತ್ತಿಗೇ ಇಡುತ್ತಾರೆ. ಲೆಕ್ಕಪತ್ರವನ್ನು ಸರಸರ ಓದಿ, ಒಪ್ಪಿಗೆಯೇ ಎಂದು ಕೇಳಿ ಮುಗಿಸುತ್ತಾರೆ. ನೀನು ಒಂದು ನೋಟ್‌ಬುಕ್ ತೆಗೆದುಕೊಂಡು ಬಾ. ಮಳಿಗೆಗಳ ಬಾಡಿಗೆ ಯಾವ ಪುಟದಲ್ಲಿದೆ ಎಂದು ಎದ್ದು ನಿಂತು, ಅಯ್ಯನವರೇ ಎಂದು ಮರ್ಯಾದೆಯಿಂದಲೇ ಕೇಳು. ನಾನು ಹಿಂದಿನ ಬೆಂಚಿನಲ್ಲಿರುತ್ತೇನೆ. ಯಾರಾದರೂ ಕೂತ್ಕೋಮ್ಮ ಅಂದರೆ ಆ ಪ್ರಶ್ನೆಯನ್ನು ನಾನು ಎರಡನೇ ಸಲ ಕೇಳುತ್ತೇನೆ.